ನಾವು ನಿಂತ ನೆಲದ ಅಂಚಿಗೆ: ಬೆಂಗಳೂರಿನಿಂದ ಕುದುರೆಮುಖ

ಶುಕ್ರವಾರ ರಾತ್ರಿ

ಬೆಂಗಳೂರಿನವರಿಗೆ ಬೆಟ್ಟ ಅಂದರೆ ನಂದಿ, ಸಾವನದುರ್ಗ, ಶಿವಗಂಗೆ. ಬಯಲಿನ ನಡುವೆ ಒಂದು ದೊಡ್ಡ ಬಂಡೆ ಎದ್ದು ನಿಂತಿರುತ್ತದೆ. ಬೆಳಿಗ್ಗೆ ಹತ್ತುತ್ತೇವೆ, ಮಧ್ಯಾಹ್ನ ಇಳಿಯುತ್ತೇವೆ, ಮನೆಗೆ ಬರುತ್ತೇವೆ. ಇದೇ ಕಲ್ಪನೆ ಇಟ್ಟುಕೊಂಡು ಪಶ್ಚಿಮ ಘಟ್ಟಕ್ಕೆ ಹೋದರೆ ಘಟ್ಟ ಅರ್ಥವಾಗುವುದಿಲ್ಲ. ಅದು ಬಯಲಿನಲ್ಲಿ ಎದ್ದ ಬೆಟ್ಟ ಅಲ್ಲ. ನಾವು ಮನೆ ಕಟ್ಟಿಕೊಂಡಿರುವ ಇದೇ ನೆಲ ಪಶ್ಚಿಮಕ್ಕೆ ಹೋಗಿ ಹೋಗಿ ಒಂದು ಕಡೆ ಥಟ್ಟನೆ ಮುಗಿಯುತ್ತದೆ. ಆ ಮುಗಿಯುವ ಜಾಗವೇ ಘಟ್ಟ.

ಕರ್ನಾಟಕದ ಪ್ರಸ್ಥಭೂಮಿಯನ್ನು ಒಂದು ಮೊರ ಅಂದುಕೊಳ್ಳಿ. ಮೊರದ ಎತ್ತರದ ಅಂಚು ಪಶ್ಚಿಮಕ್ಕೆ, ಬಾಯಿ ಪೂರ್ವಕ್ಕೆ. ಸ್ವಲ್ಪ ಓರೆಯಾಗಿ ಹಿಡಿದಿದ್ದೀರಿ. ಒಳಗೆ ಬಿದ್ದ ನೀರೆಲ್ಲ ಪೂರ್ವಕ್ಕೆ ಜಾರುತ್ತದೆ. ಕಾವೇರಿ, ತುಂಗಭದ್ರಾ, ಕೃಷ್ಣಾ ಎಲ್ಲವೂ ಅರಬ್ಬಿ ಸಮುದ್ರದ ಪಕ್ಕದಲ್ಲೇ ಹುಟ್ಟಿ ಬಂಗಾಳ ಕೊಲ್ಲಿಗೆ ಹೋಗುವುದು ಇದಕ್ಕೇ.

ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ದಸರಾ ರಜೆಗೆ ಎಲ್ಲಿಗಾದರೂ ಕರೆದುಕೊಂಡು ಹೋಗಿ ಮಾಮ ಅಂತ ಕೇಳುತ್ತಲೇ ಇದ್ದ. ಅವನಿಗೆ ಈ ಅಂಚನ್ನೇ ತೋರಿಸಬೇಕು ಅನ್ನಿಸಿತು. ಅದಕ್ಕೆ ಕುದುರೆಮುಖಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಇಲ್ಲಿ ಅಂಚು ತುಂಬಾ ಎತ್ತರ, ಇಳಿಜಾರು ತುಂಬಾ ಕಡಿದು, ಮಳೆ ತುಂಬಾ ಜಾಸ್ತಿ. ಮೂರು ಹೊಳೆಗಳ ಮೂಲವೂ ಇಲ್ಲೇ.

ಚಾರಣಕ್ಕೆ ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಬುಕಿಂಗ್ ಮಾಡಿಸಬೇಕು. ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿ ಇದೆ. ಅದು ಒಳ್ಳೆಯದೇ ಆಯಿತು ಅನ್ನುವವನು ನಾನು.

ಮೆಜೆಸ್ಟಿಕ್‌ನಲ್ಲಿ ಕಳಸದ ಬಸ್ ಹತ್ತಿದೆವು. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಸುಮಾರು 330 ಕಿಲೋಮೀಟರ್. ಹುಡುಗ ಫೋನಿನಲ್ಲಿ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ತೋರಿಸುವ ಆ್ಯಪ್ ಹಾಕಿಕೊಂಡಿದ್ದ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಹಾಸನದಲ್ಲಿ ಚಹಾಕ್ಕೆ ಬಸ್ ನಿಂತಾಗ ನೋಡಿದ, ಸಂಖ್ಯೆ ಹೆಚ್ಚು ಬದಲಾಗಿರಲಿಲ್ಲ. "ಘಟ್ಟ ಇನ್ನೂ ಶುರುವಾಗಿಲ್ವಾ ಮಾಮ?" ಅಂದ. ಮಲಗು, ಬೆಳಿಗ್ಗೆ ನೋಡೋಣ ಅಂದೆ.

ಶನಿವಾರ

ಕಳಸದಲ್ಲಿ ಇಳಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಹುಡುಗ ಮೊದಲು ಫೋನ್ ತೆಗೆದ. 800 ಮೀಟರ್ ಚಿಲ್ಲರೆ. ಅವನಿಗೆ ನಂಬಿಕೆಯೇ ಬರಲಿಲ್ಲ. ರಾತ್ರಿಯಿಡೀ ಮಲೆನಾಡಿನ ಕಡೆ ಬಸ್ ಓಡಿದೆ, ತಿರುವು ತಿರುವಿಗೂ ಮೈ ವಾಲಿದೆ, ಕೊನೆಗೆ ಬಂದು ನಿಂತದ್ದು ಬೆಂಗಳೂರಿಗಿಂತ ತಗ್ಗಿನಲ್ಲಿ! ಸುತ್ತ ನೋಡಿದರೆ ಎಲ್ಲ ಕಡೆ ಗುಡ್ಡ. ಕಳಸ ಭದ್ರೆ ಕೊರೆದ ಕಣಿವೆಯಲ್ಲಿರುವ ಊರು. ಪ್ರಸ್ಥಭೂಮಿಯ ಅಂಚು ಎತ್ತರವಾಗಿದ್ದರೂ ಅದರ ಒಳಗೆ ಹೊಳೆಗಳು ಹೀಗೆ ಆಳಕ್ಕೆ ಇಳಿದಿವೆ.

ಕಳಸೇಶ್ವರನ ಗುಡಿ ಮೆಟ್ಟಿಲು ಹತ್ತಿ ಬಂದೆವು. ಆಮೇಲೆ ಹೊಳೆಯ ಹತ್ತಿರ ಹೋದೆವು. ಮಳೆಗಾಲ ಮುಗಿದಿದ್ದರೂ ಭದ್ರೆ ತುಂಬಿಕೊಂಡೇ ಹರಿಯುತ್ತಿದ್ದಳು. ಈ ನೀರು ಬಾಳೆಹೊನ್ನೂರು ದಾಟಿ, ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನಿಂತು, ಭದ್ರಾವತಿ ಹಾದು, ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತದೆ. ಅಲ್ಲಿಂದ ಹೊಸಪೇಟೆ, ಅಲ್ಲಿಂದ ಆಂಧ್ರ, ಅಲ್ಲಿ ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ. ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ಹುಡುಗನಿಗೆ ಹೇಳಿದೆ: ಅರಬ್ಬಿ ಸಮುದ್ರ ಇಲ್ಲಿಂದ ಗೆರೆ ಎಳೆದ ಹಾಗೆ ಹೋದರೆ ನೂರು ಕಿಲೋಮೀಟರ್ ಕೂಡ ಇಲ್ಲ. ಆದರೂ ಈ ನೀರು ಆ ಕಡೆ ತಿರುಗಿಯೂ ನೋಡುವುದಿಲ್ಲ.

ಹೋಟೆಲಿನಲ್ಲಿ ಬಿಸಿ ನೀರ್ ದೋಸೆ, ಕಾಯಿ ಚಟ್ನಿ. ಹೊಟ್ಟೆ ತುಂಬಿದ ಮೇಲೆ ಸಂಸೆ ಕಡೆ ಹೊರಟೆವು. ದಾರಿಯಲ್ಲಿ ಟೀ ತೋಟ ಸಿಗುತ್ತದೆ. ಕಾಫಿ, ಅಡಿಕೆ, ಮೆಣಸಿನ ನಡುವೆ ಬೆಟ್ಟದ ಮೈಗೆ ಒತ್ತಾಗಿ ಹಬ್ಬಿದ ಟೀ ಗಿಡ ನೋಡಿ ಕಣ್ಣಿಗೆ ಹೊಸತೆನಿಸುತ್ತದೆ. ಬಾಳೆಗಲ್‌ನಿಂದ ಮುಂದೆ, ಚಾರಣ ಶುರುವಾಗುವ ಮುಳ್ಳೋಡಿಗೆ ಜೀಪೇ ಗತಿ. ದಾರಿ ಅಂದರೆ ಕಲ್ಲು, ಕೆಸರು, ಮತ್ತೆ ಕಲ್ಲು. ಜೀಪಿನ ಕಂಬಿ ಗಟ್ಟಿಯಾಗಿ ಹಿಡಿದು ಕೂತೆವು. ಡ್ರೈವರಣ್ಣ ಮಾತ್ರ ಒಂದು ಕೈಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಆರಾಮಾಗಿ ಓಡಿಸಿದರು.

ಉಳಿದುಕೊಂಡ ಮನೆ ಗುಡ್ಡದ ಮಗ್ಗುಲಲ್ಲಿತ್ತು. ಹಿಂದೆ ಹಳ್ಳ, ಮುಂದೆ ಸಣ್ಣ ಗದ್ದೆ, ಅದರಾಚೆ ತೋಟ. ಮನೆಯ ಅಮ್ಮ ಕೈಕಾಲು ತೊಳೆಯಲು ಬಿಸಿನೀರು ಕೊಟ್ಟು, "ಇಂಬಳ ಹತ್ತಿದ್ಯಾ ನೋಡ್ಕಳಿ ಮಾರಾಯ್ರೆ, ಆಮೇಲೆ ಒಳಗೆ ಬನ್ನಿ" ಅಂದರು. ಹುಡುಗನ ಕಾಲಲ್ಲಿ ಎರಡು ಜಿಗಣೆ ಸಿಕ್ಕವು. ಅಮ್ಮ ಸುಣ್ಣ ಹಚ್ಚಿ ಬಿಡಿಸಿದರು.

ಆ ಮನೆಯ ಬಲ್ಬು ಉರಿಯುವುದು ಹಳ್ಳದ ನೀರಿನಿಂದ. ಮೇಲಿನಿಂದ ಪೈಪಿನಲ್ಲಿ ನೀರು ತಂದು ಒಂದು ಪುಟ್ಟ ಚಕ್ರದ ಮೇಲೆ ಬೀಳಿಸುತ್ತಾರೆ. ಚಕ್ರ ತಿರುಗುತ್ತದೆ, ಕರೆಂಟು ಬರುತ್ತದೆ. ಮಲೆನಾಡಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಇಳಿಜಾರು ಇದೆ, ವರ್ಷದ ಬಹುಪಾಲು ನೀರಿದೆ. ಇನ್ನೇನು ಬೇಕು? ಬೇಸಿಗೆಯ ಕೊನೆಗೆ ಹಳ್ಳ ಬತ್ತಿದಾಗ ಮಾತ್ರ ಕಷ್ಟ ಅಂದರು.

ಮಧ್ಯಾಹ್ನ ಹಳ್ಳದ ಹತ್ತಿರ ಹುಡುಗನ ಕೈಗೆ ಒಂದು ಆಯಸ್ಕಾಂತ ಕೊಟ್ಟೆ. ಹಳೆಯ ಸ್ಪೀಕರಿನಿಂದ ತೆಗೆದು ಬೆಂಗಳೂರಿನಿಂದಲೇ ತಂದಿದ್ದೆ. ಮರಳಿನಲ್ಲಿ ಎಳೆ ಅಂದೆ. ಎಳೆದ. ಎತ್ತಿ ನೋಡಿದರೆ ಕಪ್ಪು ಪುಡಿ ಮುಳ್ಳು ಮುಳ್ಳಾಗಿ ಮೆತ್ತಿಕೊಂಡಿತ್ತು. ಅದು ಮ್ಯಾಗ್ನಟೈಟ್, ಕಬ್ಬಿಣದ ಅದಿರು. ಈ ಬೆಟ್ಟಸಾಲಿನಲ್ಲಿ ಕಬ್ಬಿಣ ಮತ್ತು ಬೆಣಚು ಪದರ ಪದರವಾಗಿ ಕೂತ ಕಲ್ಲುಗಳಿವೆ. ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ. ಆಗ ಭೂಮಿಯ ಮೇಲೆ ಮರ ಇಲ್ಲ, ಹುಲ್ಲಿಲ್ಲ, ಮೀನೂ ಇಲ್ಲ. ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ತಳಕ್ಕೆ ಇಳಿದು ಪದರಾಯಿತು. ಆ ತಳವೇ ಇವತ್ತು ನಮ್ಮ ತಲೆಯ ಮೇಲೆ ಬೆಟ್ಟವಾಗಿ ನಿಂತಿದೆ. ಹುಡುಗ ಪುಡಿಯನ್ನು ಮತ್ತೆ ನೀರಿಗೇ ಉದುರಿಸಿದ. ರಾಷ್ಟ್ರೀಯ ಉದ್ಯಾನದಿಂದ ಒಂದು ಕಲ್ಲನ್ನೂ ತರಬಾರದು ಅಂತ ಮೊದಲೇ ಹೇಳಿದ್ದೆ.

ಸಂಜೆ ಮೋಡ ಇಳಿದು ಸಣ್ಣಗೆ ಮಳೆ ಹನಿಯಿತು. ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಾ ಮನೆಯವರು ಜುಲೈ ತಿಂಗಳ ಮಳೆಯ ಕಥೆ ಹೇಳಿದರು. ವಾರಗಟ್ಟಲೆ ಸೂರ್ಯ ಕಾಣದ ದಿನಗಳು, ಒಲೆಯ ಮೇಲೆ ಒಣಗುವ ಬಟ್ಟೆ, ಬಿದ್ದ ಮರ, ಕುಸಿದ ದರೆ. ಕಡಲಿನಿಂದ ಬರುವ ಹಸಿ ಗಾಳಿಗೆ ಮೊದಲು ಎದುರಾಗುವ ಗೋಡೆ ಈ ಬೆಟ್ಟ. ಗಾಳಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಹೊತ್ತಿದ್ದ ನೀರನ್ನು ಇಲ್ಲೇ ಸುರಿಯುತ್ತದೆ. ಇದೇ ಸಾಲಿನಲ್ಲಿ ಉತ್ತರಕ್ಕಿರುವ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಂಗಳೂರಿಗೆ 1,000 ಮಿಲಿಮೀಟರ್ ಹತ್ತಿರ. ಗೋಡೆ ದಾಟಿದ ಗಾಳಿಯಲ್ಲಿ ಹೆಚ್ಚು ನೀರು ಉಳಿದಿರುವುದಿಲ್ಲ. ಕಡೂರು, ಬೀರೂರು, ಚಿತ್ರದುರ್ಗದ ಬಯಲು ಮಳೆಗೆ ಬಾಯಿ ಬಿಡುವುದಕ್ಕೂ ಇಲ್ಲಿ ಹಳ್ಳ ಉಕ್ಕುವುದಕ್ಕೂ ಕಾರಣ ಒಂದೇ ಬೆಟ್ಟ.

ರಾತ್ರಿ ಅಕ್ಕಿ ರೊಟ್ಟಿ, ಕಳಲೆ ಪಲ್ಯ, ಮಜ್ಜಿಗೆ, ಮಿಡಿ ಉಪ್ಪಿನಕಾಯಿ. ಬೇಗ ಮಲಗಿದೆವು.

ಭಾನುವಾರ

ಬೆಳಿಗ್ಗೆ ಅರಣ್ಯ ಇಲಾಖೆಯವರು ಬ್ಯಾಗ್ ಬಿಚ್ಚಿ ನೋಡಿದರು. ಪ್ಲಾಸ್ಟಿಕ್ ಕವರು, ಬಿಸ್ಕೆಟ್ ಪ್ಯಾಕೆಟ್ ಯಾವುದೂ ಒಳಗೆ ಹೋಗುವಂತಿಲ್ಲ. ಡಬ್ಬಿಯಲ್ಲಿ ಚಿತ್ರಾನ್ನ, ಸ್ಟೀಲ್ ಬಾಟಲಿಯಲ್ಲಿ ನೀರು. ಜೊತೆಗೆ ಗೈಡ್ ಅಣ್ಣ. ಪಕ್ಕದ ಊರಿನವರೇ. ಸಂಜೆಯೊಳಗೆ ವಾಪಸ್ ಬರಲೇಬೇಕು, ಮೇಲೆ ರಾತ್ರಿ ಉಳಿಯುವಂತಿಲ್ಲ. ತುದಿಯವರೆಗೆ ಒಂಬತ್ತು ಹತ್ತು ಕಿಲೋಮೀಟರ್, ಮತ್ತೆ ಅಷ್ಟೇ ವಾಪಸ್.

ಮೊದಲ ಅರ್ಧ ಗಂಟೆ ಕಾಡು, ಹಳ್ಳ, ಕಾಡು. ಆಮೇಲೆ ಇದ್ದಕ್ಕಿದ್ದಂತೆ ಬಯಲಾಯಿತು. ಎದುರಿಗೆ ಬೆಟ್ಟದ ಮೇಲೆ ಬೆಟ್ಟ, ಎಲ್ಲದರ ಮೈಮೇಲೂ ಹುಲ್ಲು. ಹುಲ್ಲಿನ ನಡುವೆ ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಕಡು ಹಸಿರಿನ ಕಾಡು. ಗೆರೆ ಹಾಕಿ ಕತ್ತರಿಸಿದ ಹಾಗೆ ಕಾಡು ಮುಗಿದು ಹುಲ್ಲು ಶುರುವಾಗುತ್ತದೆ. ಈ ಮಡಿಕೆಯ ಕಾಡಿಗೇ ಶೋಲಾ ಅನ್ನುವುದು.

"ಮಧ್ಯದಲ್ಲಿ ಮಾತ್ರ ಯಾಕೆ ಮರ? ಉಳಿದದ್ದನ್ನ ಕಡಿದ್ರಾ ಅಣ್ಣ?" ಅಂತ ಹುಡುಗ ಕೇಳಿದ.

"ಕಡಿದದ್ದಲ್ಲ. ನಮ್ಮಜ್ಜನ ಕಾಲದಲ್ಲೂ ಹೀಗೇ ಇತ್ತಂತೆ" ಅಂದರು ಗೈಡ್ ಅಣ್ಣ.

ಅಜ್ಜನ ಕಾಲಕ್ಕಿಂತ ತುಂಬಾ ಹಿಂದಿನಿಂದಲೂ ಘಟ್ಟದಲ್ಲಿ ಹುಲ್ಲಿದೆ. ನೀಲಗಿರಿಯ ಜೌಗು ಮಣ್ಣನ್ನು ಪದರ ಪದರವಾಗಿ ಪರೀಕ್ಷೆ ಮಾಡಿದ ವಿಜ್ಞಾನಿಗಳು ಅಲ್ಲಿ 20,000 ವರ್ಷಕ್ಕೂ ಹಿಂದೆ ಹುಲ್ಲುಗಾವಲು ಇತ್ತು ಅಂತ ಕಂಡುಕೊಂಡಿದ್ದಾರೆ. ಮಡಿಕೆಯಲ್ಲಿ ಮಣ್ಣು ಆಳ, ತೇವ ಜಾಸ್ತಿ, ಗಾಳಿಯ ಹೊಡೆತ ಕಡಿಮೆ. ಅಲ್ಲಿ ಮರ ಬದುಕುತ್ತದೆ. ದಿಣ್ಣೆಯ ಮೇಲೆ ಮಣ್ಣು ತೆಳು, ಗಾಳಿ ಬಿರುಸು, ಬೇಸಿಗೆಯಲ್ಲಿ ಬೆಂಕಿ. ಅಲ್ಲಿ ಹುಲ್ಲು ಮಾತ್ರ ನಿಲ್ಲುತ್ತದೆ. ತಲೆಮಾರುಗಳಿಂದ ಜನ ಮೇಯಿಸಿದ ದನಗಳ ಪಾಲೂ ಇದರಲ್ಲಿ ಇದೆ ಎನ್ನುತ್ತಾರೆ.

ಈ ಹುಲ್ಲನ್ನು ಪಾಳು ನೆಲ ಅಂದುಕೊಳ್ಳುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮರ ಇಲ್ಲದ ಜಾಗ ಖಾಲಿ ಜಾಗ ಅಲ್ಲ. ಬಗ್ಗಿ ಹುಲ್ಲಿನ ಬುಡ ಮುಟ್ಟಿ ನೋಡಿದೆವು. ಹಿಂದಿನ ದಿನದ ಮಳೆ ಇನ್ನೂ ಅಲ್ಲೇ ಇತ್ತು. ಬೇರಿನ ದಪ್ಪ ಹೆಣಿಗೆ, ಅದರ ಕೆಳಗೆ ಕಪ್ಪು ಮಣ್ಣು. ಸುರಿದ ನೀರನ್ನು ತಡೆದು, ಇಂಗಿಸಿ, ನಿಧಾನಕ್ಕೆ ಮಡಿಕೆಯ ಕಾಡಿಗೆ ಬಿಡುತ್ತದೆ. ಕಾಡಿನಿಂದ ಅದು ಹಳ್ಳವಾಗಿ ಹೊರಗೆ ಬರುತ್ತದೆ. ದಾರಿಯಲ್ಲಿ ದಾಟಿದ ಒಂದೊಂದು ಹಳ್ಳವೂ ಒಂದೊಂದು ಶೋಲಾದ ಬಾಯಿಂದಲೇ ಬರುತ್ತಿತ್ತು. ಹುಡುಗ ಇದನ್ನು ತಾನೇ ಕಂಡುಹಿಡಿದು, ಆಮೇಲೆ ಪ್ರತಿ ಹಳ್ಳ ಬಂದಾಗಲೂ ತಲೆ ಎತ್ತಿ ಅದರ ಕಾಡು ಎಲ್ಲಿದೆ ಅಂತ ಹುಡುಕಿದ. ಪ್ರತಿ ಸಲವೂ ಸಿಕ್ಕಿತು.

ಒಂಟಿಮರದ ಹತ್ತಿರ ಕೂತೆವು. ಹುಲ್ಲಿನ ಮಧ್ಯೆ ಒಂದೇ ಒಂದು ಮರ, ಹೆಸರೂ ಹಾಗೇ. ಕೆಳಗಿನ ಕಾಡಿನಲ್ಲಿ ಒಂದು ಹಕ್ಕಿ ಮನುಷ್ಯರು ಸಿಳ್ಳೆ ಹಾಕಿದ ಹಾಗೇ ಹಾಡುತ್ತಿತ್ತು. ಪಕ್ಕದ ದಿಣ್ಣೆಯಲ್ಲಿ ಕಾಟಿಯ, ಅಂದರೆ ಕಾಡುಕೋಣದ, ಸಗಣಿ ಬಿದ್ದಿತ್ತು, ಹಸಿಯಾಗಿಯೇ ಇತ್ತು. ಗೈಡ್ ಅಣ್ಣ ದೂರದ ಒಂದು ಕಣಿವೆ ತೋರಿಸಿ ಆ ಕಡೆ ಎಳನೀರು ಅಂದರು. ಆ ಊರು ಬೆಳ್ತಂಗಡಿ ತಾಲ್ಲೂಕಿಗೆ ಸೇರಿದ್ದು. ತಾಲ್ಲೂಕು ಘಟ್ಟದ ಕೆಳಗೆ, ಊರು ಘಟ್ಟದ ಮೇಲೆ. ಕಡಿದಾದ ಕಾಡುದಾರಿಯಲ್ಲಿ ಇಳಿದರೆ ದಿಡುಪೆ ಹತ್ತಿರವೇ. ಆದರೆ ಬಸ್ಸಿನಲ್ಲಿ ತಾಲ್ಲೂಕು ಕಚೇರಿಗೆ ಹೋಗಬೇಕೆಂದರೆ ಇಡೀ ಬೆಟ್ಟ ಸುತ್ತಿಕೊಂಡು ಹೋಗಬೇಕು. ಒಂದು ಪಹಣಿ ಪತ್ರಕ್ಕೆ ಒಂದು ದಿನ. ನಕ್ಷೆ ಬರೆದವರಿಗೆ ಎರಡು ಊರು ಅಕ್ಕಪಕ್ಕ ಕಂಡಿರಬೇಕು. ನಡುವಿನ ಗೋಡೆ ಕಾಗದದ ಮೇಲೆ ಕಾಣುವುದಿಲ್ಲವಲ್ಲ.

ಕೊನೆಯ ಏರು ಕಡಿದು. ಹುಲ್ಲು ಹಿಡಿದುಕೊಂಡೇ ಹತ್ತಿದೆವು. ಮೋಡ ಬಂದು ಮುಚ್ಚಿತು, ಎದುರಿನವರೂ ಕಾಣದಷ್ಟು. ತುದಿಗೆ ಸ್ವಲ್ಪ ಮೊದಲು ಹಳೆಯ ಕಟ್ಟಡದ ಪಾಳು ಗೋಡೆಗಳಿವೆ. ಅಲ್ಲಿ ಗಾಳಿಗೆ ಮರೆಯಾಗಿ ನಿಂತು ಉಸಿರು ತೆಗೆದುಕೊಂಡು ಮತ್ತೆ ಹತ್ತಿದೆವು. ತುದಿ 1,890 ಮೀಟರಿಗಿಂತ ಸ್ವಲ್ಪ ಮೇಲೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತ ಕೆಲವೇ ಹತ್ತು ಮೀಟರ್ ಕಡಿಮೆ.

ತುದಿಯಲ್ಲಿ ಏನೂ ಕಾಣಲಿಲ್ಲ. ಬಿಳಿ, ಬರೀ ಬಿಳಿ. ಕಾಯೋಣ ಅಂದರು ಗೈಡ್ ಅಣ್ಣ. ಚಿತ್ರಾನ್ನ ತಿಂದೆವು. ಪಶ್ಚಿಮದಿಂದ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತಿತ್ತು. ಪಕ್ಕಕ್ಕಲ್ಲ, ಮೇಲಕ್ಕೆ! ಅಂಚಿನಲ್ಲಿ ನಿಂತಾಗ ಹುಡುಗನ ಟೋಪಿ ಹಾರಿ ತಲೆಯ ಮೇಲೆಯೇ ಹಾದು ಹಿಂದೆ ಬಿತ್ತು. ಹಿಂದಿನ ಸಂಜೆ ಬಾಯಲ್ಲಿ ಹೇಳಿದ್ದು ಈಗ ಮುಖಕ್ಕೇ ಹೊಡೆಯುತ್ತಿತ್ತು. ಕಡಲ ಗಾಳಿ ಗೋಡೆ ಹತ್ತುವುದು ಹೀಗೆ.

ಆಮೇಲೆ ಮೋಡ ಒಂದು ಕಡೆಯಿಂದ ಹರಿಯಿತು.

ಮೊದಲು ಕಾಲ ಕೆಳಗಿನ ಹುಲ್ಲು ಕಂಡಿತು, ಆಮೇಲೆ ಕಪ್ಪು ಬಂಡೆ, ಆಮೇಲೆ ಏನೂ ಇಲ್ಲ. ನೆಲವೇ ಇಲ್ಲ. ತುಂಬಾ ತುಂಬಾ ಕೆಳಗೆ ಕಾಡು, ಅದರಾಚೆ ತೆಂಗು ಅಡಿಕೆಯ ತೋಟ, ಗದ್ದೆ, ಹೊಳೆಯ ಹೊಳಪು. ಘಟ್ಟದ ಬುಡ ಸಮುದ್ರಮಟ್ಟದಿಂದ 200 ಮೀಟರಿಗೂ ಕಡಿಮೆ. ಅಂದರೆ ನಮ್ಮ ಕಾಲಿನಿಂದ ಬುಡಕ್ಕೆ ಸುಮಾರು ಒಂದೂ ಮುಕ್ಕಾಲು ಕಿಲೋಮೀಟರ್ ಇಳಿತ, ಅದೂ ಕೆಲವೇ ಕಿಲೋಮೀಟರ್ ಅಂತರದಲ್ಲಿ. ಹಿಂದೆ ತಿರುಗಿದರೆ ಅಲೆ ಅಲೆಯಾಗಿ ಬೆಟ್ಟ, ಯಾವುದೂ ಇಷ್ಟು ಕಡಿದಾಗಿ ಇಳಿಯುವುದಿಲ್ಲ. ಒಂದು ಕಡೆ ನಿಧಾನ, ಇನ್ನೊಂದು ಕಡೆ ಒಮ್ಮೆಲೇ.

ಸುಮಾರು 9 ಕೋಟಿ ವರ್ಷದ ಹಿಂದೆ ಇಲ್ಲಿಂದ ಪಶ್ಚಿಮಕ್ಕೆ ಕಡಲಿರಲಿಲ್ಲ. ಮಡಗಾಸ್ಕರ್ ಇತ್ತು, ನಮ್ಮ ನೆಲಕ್ಕೆ ಅಂಟಿಕೊಂಡೇ. ಅದು ಬಿರಿದು ದೂರ ಹೋಯಿತು. ಹರಿದ ಅಂಚು ಮೇಲೆದ್ದು ನಿಂತಿತು. ಅವತ್ತಿನಿಂದ ಮಳೆ ಅದನ್ನು ಕೊರೆಯುತ್ತಲೇ ಇದೆ. ಪಶ್ಚಿಮದ ಹೊಳೆಗಳ ದಾರಿ ಗಿಡ್ಡ, ಇಳಿಜಾರು ಜಾಸ್ತಿ, ನೀರು ಜಾಸ್ತಿ. ಅವು ಕಲ್ಲನ್ನು ಬೇಗ ಕಡಿಯುತ್ತವೆ. ಹಾಗಾಗಿ ಗೋಡೆ ಹುಟ್ಟಿದ ಜಾಗದಲ್ಲೇ ನಿಂತಿಲ್ಲ. ಸವೆಯುತ್ತಾ ಸವೆಯುತ್ತಾ ಪೂರ್ವಕ್ಕೆ, ಅಂದರೆ ನಮ್ಮ ಕಡೆಗೆ, ಸರಿದು ಬಂದಿದೆ. ಅದು ಬಿಟ್ಟು ಬಂದ ನೆಲವೇ ಕರಾವಳಿ. ಕಾರ್ಕಳ, ಬೆಳ್ತಂಗಡಿ, ಮಂಗಳೂರು ಎಲ್ಲ ಕೂತಿರುವುದು ಆ ನೆಲದ ಮೇಲೆ.

ದೂರದಲ್ಲಿ ಒಂದು ಬೂದು ಪಟ್ಟಿ ಕಂಡಿತು. ಮೋಡವೋ ಕಡಲೋ ಅಂತ ನೋಡುತ್ತಾ ನಿಂತೆವು. "ಕಡಲೇ ಸಾರ್" ಅಂದರು ಗೈಡ್ ಅಣ್ಣ. ಗೆರೆ ಎಳೆದರೆ 50 ಕಿಲೋಮೀಟರ್ ಚಿಲ್ಲರೆ. ಈ ಶಿಖರಕ್ಕೆ ಕುದುರೆಯ ಮುಖದ ಆಕಾರ ಕಾಣುವುದು ಆ ಕಡೆಯಿಂದಲೇ, ಮೇಲಿನಿಂದ ಅಲ್ಲ.

ಹುಡುಗ ಬಾಟಲಿಯ ನೀರನ್ನು ಅಂಗೈಗೆ ಹಾಕಿಕೊಂಡು ಸ್ವಲ್ಪ ಪಶ್ಚಿಮಕ್ಕೆ, ಸ್ವಲ್ಪ ಉತ್ತರದ ಇಳಿಜಾರಿಗೆ ಎರಚಿದ. ಪಶ್ಚಿಮದ್ದು ನೇತ್ರಾವತಿಯ ಪಾಲು. ಬಂಟ್ವಾಳ ದಾಟಿ ಮಂಗಳೂರಿನಲ್ಲಿ ಕಡಲು. ಆ ಹೊಳೆಯ ಉದ್ದ 100 ಕಿಲೋಮೀಟರ್ ಆಸುಪಾಸು ಅಷ್ಟೇ. ಉತ್ತರದ್ದು ಭದ್ರೆಯ ಕಣಿವೆಗೆ, ಸಾವಿರ ಕಿಲೋಮೀಟರ್ ದಾರಿಗೆ. ಒಂದೇ ಮೋಡದಿಂದ ಬಿದ್ದ ಎರಡು ಹನಿ ಇಲ್ಲಿ ಒಂದು ಗೇಣಿನ ಅಂತರದಲ್ಲಿ ದೇಶದ ಎರಡು ದಿಕ್ಕಿನ ಕಡಲು ಸೇರುತ್ತವೆ. ಇದನ್ನು ಪಾಠದಲ್ಲಿ ಓದುವುದೇ ಬೇರೆ, ಆ ಅಂಚಿನ ಮೇಲೆ ಕಾಲಿಟ್ಟು ನಿಲ್ಲುವುದೇ ಬೇರೆ.

ಇಳಿಯುವಾಗ ಮಂಡಿ ನಡುಗಿತು. ಮನೆ ಸೇರಿದಾಗ ಬಿಸಿನೀರ ಹಂಡೆ ಕಾದಿತ್ತು.

ಸೋಮವಾರ

ಜೀಪು, ಆಮೇಲೆ ಬಾಡಿಗೆ ಕಾರು. ಕುದುರೆಮುಖ ಪಟ್ಟಣದ ಕಡೆ. ಚೆಕ್‌ಪೋಸ್ಟಿನಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ. ಅಷ್ಟು ಹೊತ್ತಿನೊಳಗೆ ಆಚೆಯ ಗೇಟು ದಾಟಬೇಕು, ಕಾಡಿನ ನಡುವೆ ನಿಲ್ಲಿಸುವಂತಿಲ್ಲ.

ಪಟ್ಟಣದಲ್ಲಿ ಸಾಲು ಸಾಲು ಮನೆಗಳು, ಬಹಳಷ್ಟು ಖಾಲಿ. ಒಂದು ಕಾಲದಲ್ಲಿ ಶಾಲೆ, ಆಸ್ಪತ್ರೆ, ಮೈದಾನ ಎಲ್ಲ ತುಂಬಿದ್ದ ಊರು. ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾಗಿದ್ದು 1976ರಲ್ಲಿ, ಇರಾನಿಗೆ ಅದಿರು ಕಳಿಸಲು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಆ ವ್ಯವಹಾರ ಬಿದ್ದುಹೋಯಿತು. ಗಣಿ ಮಾತ್ರ ನಿಲ್ಲಲಿಲ್ಲ. ಇಲ್ಲಿಯ ಅದಿರಿನಲ್ಲಿ ಕಬ್ಬಿಣದ ಪ್ರಮಾಣ ಕಡಿಮೆ. ಅದಕ್ಕೇ ಬೆಟ್ಟ ಒಡೆದು, ಪುಡಿ ಮಾಡಿ, ಆಯಸ್ಕಾಂತದಿಂದ ಕಬ್ಬಿಣ ಬೇರೆ ಮಾಡುತ್ತಿದ್ದರು. "ನಾನು ಹಳ್ಳದಲ್ಲಿ ಮಾಡಿದ್ದೇ ಅಲ್ವಾ ಮಾಮ?" ಅಂದ ಹುಡುಗ. ಹೌದು, ಅದೇ. ನೀರಿನಲ್ಲಿ ಕಲಸಿದ ಆ ಪುಡಿ 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಘಟ್ಟ ಇಳಿದು ಮಂಗಳೂರಿನ ಬಂದರಿಗೆ ಹೋಗುತ್ತಿತ್ತು. ಉಳಿದ ಕೆಸರನ್ನು ತಡೆಯಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಒಂದು ಕಣಿವೆ ಪೂರ್ತಿ ಕೆಸರಿನಿಂದ ತುಂಬಿತು.

ಎಲ್ಲಿ ಅಗೆದರು ನೋಡಿ. ಭದ್ರೆಯ ನೆತ್ತಿಯಲ್ಲೇ. ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಬೀಳುವ ಇಳಿಜಾರಿನಲ್ಲಿ ಹುಲ್ಲು ಕಿತ್ತರೆ ಏನಾಗುತ್ತದೆ ಅಂತ ಹಿಂದಿನ ದಿನ ಹುಲ್ಲಿನ ಬುಡ ಮುಟ್ಟಿದವರಿಗೆ ಹೇಳಬೇಕಿಲ್ಲ. ಮಣ್ಣು ಹೊಳೆಗೆ ಇಳಿಯಿತು. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿಯ ಸಿಂಗಳೀಕಗಳ ಸಮೀಕ್ಷೆ ಮಾಡಿದ್ದರು. ಸಿಂಗಳೀಕ ಪಶ್ಚಿಮ ಘಟ್ಟದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಪ್ರಾಣಿ, ಮರದ ಮೇಲೆಯೇ ಬದುಕುವುದು. ಕಾಡು ತುಂಡಾದರೆ ಅದರ ದಾರಿಯೂ ತುಂಡಾಗುತ್ತದೆ. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಅರಣ್ಯ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಮತ್ತು ಅವರ ಜೊತೆಗಾರರು ಗಣಿಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2002ರಲ್ಲಿ ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು.

ಕೆಲಸ ಕಳೆದುಕೊಂಡವರ ಕಷ್ಟ ಸಣ್ಣದಲ್ಲ. ಖಾಲಿ ಮನೆಗಳ ಮುಂದೆ ಹಾದು ಹೋಗುವಾಗ ಅದು ಮನಸ್ಸಿಗೆ ತಟ್ಟುತ್ತದೆ. ಆದರೂ ಆ ತೀರ್ಪು ಸರಿ ಎಂದೇ ನನ್ನ ಗಟ್ಟಿ ನಂಬಿಕೆ. ಇಲ್ಲಿ ಕೆಟ್ಟದ್ದು ಇಲ್ಲೇ ನಿಲ್ಲುವುದಿಲ್ಲ. ಅದು ಭದ್ರಾವತಿಯವರೆಗೆ, ಹೊಸಪೇಟೆಯವರೆಗೆ ಹರಿದು ಹೋಗುತ್ತದೆ.

ಗಂಗಾಮೂಲದ ಕಾಡು ರಸ್ತೆಯ ಪಕ್ಕದಲ್ಲೇ ಹಾದು ಹೋಗುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಅಲ್ಲಿಯ ವರಾಹ ಪರ್ವತದಲ್ಲಿ ಹುಟ್ಟುತ್ತವೆ ಅನ್ನುವುದು ಜನರ ನಂಬಿಕೆ. ನೇತ್ರಾವತಿಯ ಮೂಲ ಎಳನೀರು ಘಾಟಿಯ ಬಂಗ್ರಬಲಿಗೆ ಅನ್ನುವವರೂ ಇದ್ದಾರೆ. ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ನಾವು ಮುಂದೆ ಹೋದೆವು. ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿಯಾದ ಎಸ್.ಕೆ. ಬಾರ್ಡರ್‌ನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಕೆರೆಕಟ್ಟೆ, ಶೃಂಗೇರಿಗೆ, ತುಂಗೆಯ ಜೊತೆಜೊತೆಗೆ. ಇನ್ನೊಂದು ಕಾರ್ಕಳಕ್ಕೆ. ನಾವು ಎಡಕ್ಕೆ ತಿರುಗಿದೆವು.

ಅಲ್ಲಿಂದ ಇಳಿತ. ಕಿವಿ ಗುಂಯ್ ಅಂತು. ಹುಲ್ಲು ಮಾಯವಾಗಿ ಎತ್ತರದ ಮರಗಳು ಮುಚ್ಚಿಕೊಂಡವು. ಗಾಳಿ ಬಿಸಿಯಾಯಿತು, ಅಂಗಿ ಬೆನ್ನಿಗೆ ಅಂಟಿತು. ಹುಡುಗನ ಫೋನಿನಲ್ಲಿ ಸಂಖ್ಯೆ ಸರಸರ ಇಳಿಯುತ್ತಿತ್ತು. ಬಜಗೋಳಿಗೆ ಬರುವಷ್ಟರಲ್ಲಿ ಮಾತೇ ಬದಲಾಗಿತ್ತು. ಅಂಗಡಿಯಲ್ಲಿ ತುಳು. ಎಳನೀರು ಕುಡಿದು ಕಾರ್ಕಳಕ್ಕೆ ಬಂದು, ಸಂಜೆ ಗೊಮ್ಮಟನ ಬೆಟ್ಟ ಹತ್ತಿದೆವು. 1432ರಲ್ಲಿ ನಿಲ್ಲಿಸಿದ 42 ಅಡಿಯ ಮೂರ್ತಿ. ಬಂಡೆಯ ಮೇಲಿನಿಂದ ಪೂರ್ವಕ್ಕೆ ನೋಡಿದರೆ ನಿನ್ನೆ ನಿಂತ ಗೋಡೆ ಉದ್ದಕ್ಕೂ ಚಾಚಿತ್ತು. ಘಟ್ಟದ ಮೇಲಿನವರಿಗೆ ಗೋಡೆ ಕಾಣುವುದಿಲ್ಲ. ಗೋಡೆ ನೋಡಬೇಕೆಂದರೆ ಇಳಿಯಲೇಬೇಕು.

ಮಂಗಳವಾರ

ಮಂಗಳೂರಿನಿಂದ ಹಗಲು ರೈಲು. ಕಾಲು ನೋವು ಇಬ್ಬರಿಗೂ. ಆದರೂ ಕಿಟಕಿ ಬಿಟ್ಟು ಅಲುಗಲಿಲ್ಲ. ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಲ್ಲಿ ಹಿಂದಿನಿಂದ ತಳ್ಳುವ ಇಂಜಿನ್ ಜೋಡಿಸಿದರು. ಅಲ್ಲಿಂದ ಸಕಲೇಶಪುರಕ್ಕೆ 55 ಕಿಲೋಮೀಟರ್, 57 ಸುರಂಗ, 109 ಸೇತುವೆ. 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರುವ ದಾರಿ. ರೈಲಿಗೆ ಇದು ತುಂಬಾ ಕಡಿದು. ಒಂದು ಸುರಂಗದಿಂದ ಹೊರಗೆ ಬಂದರೆ ಜಲಪಾತ, ಮತ್ತೆ ಕತ್ತಲು, ಮತ್ತೆ ಕಣಿವೆ.

ಪ್ರತಿ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತದೆ. ಹುಡುಗ ಫೋನ್ ಜೇಬಿಗೆ ಹಾಕಿ ಬೋರ್ಡುಗಳನ್ನೇ ಓದತೊಡಗಿದ. ಸುಬ್ರಹ್ಮಣ್ಯದಿಂದ ಸಕಲೇಶಪುರಕ್ಕೆ ಬರುವಷ್ಟರಲ್ಲಿ ಸಂಖ್ಯೆ ಹಲವು ಪಟ್ಟು ಏರಿತ್ತು. 900 ಮೀಟರ್ ಆಸುಪಾಸು. ಅಲ್ಲಿಂದ ಮುಂದೆ ಗದ್ದೆ, ತೋಟ, ಆಲೂಗಡ್ಡೆ ಹೊಲ, ಬಯಲು. ಹಾಸನದ ಬೋರ್ಡ್ ನೋಡಿ ನನ್ನ ಕಡೆ ತಿರುಗಿದ.

"ಮಾಮ, ಹತ್ತಿದ್ವಲ್ಲ, ಇಳಿಯೋದು ಎಲ್ಲಿ?"

"ಇಳಿಯೋದೇ ಇಲ್ಲ. ಯಶವಂತಪುರದವರೆಗೂ ಹೀಗೇ."

"ಹಾಗಾದ್ರೆ ನಮ್ಮ ಮನೆ ಇರೋದೂ ಘಟ್ಟದ ಮೇಲೆಯೇ."

ಹೌದು ಅಂದೆ. ಅವನು ನೋಟ್‌ಬುಕ್ಕಿನ ಹಾಳೆ ಹರಿದು ಮಂಗಳೂರಿನಿಂದ ಬೆಂಗಳೂರಿನವರೆಗೆ ಒಂದೊಂದು ಸ್ಟೇಷನ್ನಿಗೂ ಒಂದೊಂದು ಚುಕ್ಕೆ ಇಟ್ಟು ಗೆರೆ ಎಳೆಯುತ್ತಾ ಕೂತ. ಮುಂದಿನ ರಜೆಗೆ ಕೂಡ್ಲಿಗೆ ಹೋಗಿ ತುಂಗೆ ಭದ್ರೆ ಸೇರುವುದನ್ನು ನೋಡೋಣ ಅಂತ ತಿಪಟೂರು ಬರುವಷ್ಟರಲ್ಲಿ ತೀರ್ಮಾನವಾಗಿತ್ತು.